ಇನ್ನೆಷ್ಟು ಸುಡಬಹುದು? ಇಂಗಾಲದ ಲೆಕ್ಕ ಬೆಳೆದುಬಂದ ಬಗೆ

ಭೂಮಿಯ ಬಿಸಿಯನ್ನು ಇಂತಿಷ್ಟು ಡಿಗ್ರಿಗೆ ನಿಲ್ಲಿಸಬೇಕೆಂದರೆ ನಾವು ಇನ್ನೂ ಎಷ್ಟು ಕಲ್ಲಿದ್ದಲು, ಎಣ್ಣೆ, ಅನಿಲ ಸುಡಬಹುದು? ಮಕ್ಕಳೂ ಕೇಳಬಹುದಾದ ಪ್ರಶ್ನೆ ಇದು. ಆದರೆ ವಿಜ್ಞಾನ ಇದಕ್ಕೆ ಒಂದು ಸಂಖ್ಯೆಯಲ್ಲಿ ಉತ್ತರ ಹೇಳಲು ಕಲಿತದ್ದು 2009ರಲ್ಲಿ. ಅದಕ್ಕೂ ಹಿಂದಿನ ನೂರು ವರ್ಷಗಳಿಗೂ ಹೆಚ್ಚು ಕಾಲ ಸಂಶೋಧಕರನ್ನು ಕಾಡುತ್ತಿದ್ದ ಪ್ರಶ್ನೆ ಬೇರೆ: ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ದುಪ್ಪಟ್ಟಾದರೆ ತಾಪಮಾನ ಎಷ್ಟು ಏರುತ್ತದೆ?

ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1896ರಲ್ಲಿ ಕೈಲೆಕ್ಕ ಹಾಕಿ 5ರಿಂದ 6 ಡಿಗ್ರಿ ಎಂದರು. 1967ರಲ್ಲಿ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಕಂಪ್ಯೂಟರಿನ ಸಹಾಯದಿಂದ ಸುಮಾರು 2.3 ಡಿಗ್ರಿ ಎಂದರು. 1979ರ ಚಾರ್ನಿ ವರದಿ 1.5ರಿಂದ 4.5ರ ನಡುವೆ ಎಂದು ವಿಶಾಲವಾದ ಬೇಲಿ ಹಾಕಿತು. ಆ ಬೇಲಿಯನ್ನು 2.5ರಿಂದ 4ಕ್ಕೆ ಕಿರಿದು ಮಾಡಲು 2021ರವರೆಗೆ, ಅಂದರೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು. ಇದು ಪ್ರಕೃತಿ ಹೇಗೆ ವರ್ತಿಸುತ್ತದೆ ಎಂಬ ಲೆಕ್ಕ. ಮನುಷ್ಯ ಏನು ಮಾಡುತ್ತಾನೆ ಎಂಬುದಕ್ಕೆ ಇದರಲ್ಲಿ ಜಾಗವಿರಲಿಲ್ಲ.

ಮನುಷ್ಯನನ್ನು ಲೆಕ್ಕಕ್ಕೆ ತಂದದ್ದು 'ಸನ್ನಿವೇಶ'ಗಳು. ಜನಸಂಖ್ಯೆ ಇಷ್ಟಾದರೆ, ವಿದ್ಯುತ್ತು ಹೀಗೆ ಬಂದರೆ, ಕಾಡು ಇಷ್ಟು ಉಳಿದರೆ ಗಾಳಿಗೆ ಎಷ್ಟು ಅನಿಲ ಸೇರುತ್ತದೆ ಎಂದು ಮುಂದಿನ ನೂರು ವರ್ಷದ ಹಲವು ಹಾದಿಗಳನ್ನು ಬರೆದು ನೋಡುವುದು. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿ 2000ದಲ್ಲಿ ಇಂಥ 40 ಸನ್ನಿವೇಶಗಳನ್ನು ಪ್ರಕಟಿಸಿತು. ಹವಾಮಾನದ ಸಲುವಾಗಿ ಯಾವುದಾದರೂ ಸರ್ಕಾರ ವಿಶೇಷ ಕ್ರಮ ಕೈಗೊಂಡೀತು ಎಂಬ ಊಹೆ ಆ ನಲವತ್ತರಲ್ಲಿ ಒಂದರಲ್ಲೂ ಇರಲಿಲ್ಲ. ಬಿಸಿ ಎರಡು ಡಿಗ್ರಿ ದಾಟಬಾರದೆಂಬ ಮಿತಿಯ ಮಾತು ಅದಕ್ಕೂ ಹಳೆಯದು. ಆಸ್ಟ್ರಿಯಾದ ಲಾಕ್ಸೆನ್‌ಬರ್ಗ್‌ನಲ್ಲಿರುವ 'ಈಯಾಸಾ' ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ 1975ರಲ್ಲೇ ಅದನ್ನು ಆಡಿದ್ದರು. ಮಿತಿ ಒಂದು ಕಡೆ, ಹಾದಿಗಳು ಇನ್ನೊಂದು ಕಡೆ ಇದ್ದವು. ಎರಡನ್ನೂ ಸೇರಿಸುವ ಕೊಂಡಿ ಸಿಕ್ಕಿರಲಿಲ್ಲ.

2009ರಲ್ಲಿ ಆ ಕೊಂಡಿ ಸಿಕ್ಕಿತು. ಆಕ್ಸ್‌ಫರ್ಡಿನ ಮೈಲ್ಸ್ ಆಲೆನ್ ಬಳಗ, ಜರ್ಮನಿಯ ಪಾಟ್ಸ್‌ಡ್ಯಾಮಿನ ಮಾಲ್ಟೆ ಮೈನ್ಸ್‌ಹೌಸನ್ ಬಳಗ, ಕೆನಡಾದ ಡೇಮನ್ ಮ್ಯಾಥ್ಯೂಸ್ ಬಳಗ ಕೆಲವೇ ವಾರಗಳ ಅಂತರದಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದ ಲೇಖನಗಳು ಒಂದೇ ಕಡೆ ಬೆರಳು ಮಾಡಿದವು. ಭೂಮಿ ಕೊನೆಗೆ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ನಿರ್ಧರಿಸುವುದು ಯಾವ ವರ್ಷ ಎಷ್ಟು ಉಗುಳಿದೆವು ಎಂಬುದಲ್ಲ, ಮೊದಲಿನಿಂದ ಈವರೆಗೆ ಒಟ್ಟು ಎಷ್ಟು ಉಗುಳಿದೆವು ಎಂಬುದು. ತೂಬು ಬಿಗಿದ ಕೆರೆಯನ್ನು ನೆನೆದರೆ ಇದು ಅರ್ಥವಾಗುತ್ತದೆ. ನೀರಿನ ಮಟ್ಟ ನೋಡಿ, ಹೋದ ವರ್ಷದ ಮಳೆ ಯಾವುದು, ಈ ವರ್ಷದ್ದು ಯಾವುದು ಎಂದು ಬೇರ್ಪಡಿಸಲಾಗದು. ಬಂದದ್ದೆಲ್ಲ ಅಲ್ಲೇ ಇದೆ.

ಇದರ ಹಿಂದೆ ಪ್ರಕೃತಿಯ ಒಂದು ಅಪರೂಪದ ಹೊಂದಾಣಿಕೆ ಇದೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದಷ್ಟೂ ಹೊಸದಾಗಿ ಸೇರುವ ಪ್ರತಿ ಟನ್ನಿನ ಬಿಸಿ ಹಿಡಿಯುವ ಬಲ ಕುಗ್ಗುತ್ತದೆ. ಅದೇ ಹೊತ್ತಿಗೆ ಕಡಲು, ಕಾಡುಗಳು ಹೀರಿಕೊಳ್ಳುವ ಪಾಲೂ ಕುಗ್ಗುವುದರಿಂದ ಗಾಳಿಯಲ್ಲಿ ಉಳಿಯುವ ಪಾಲು ಬೆಳೆಯುತ್ತದೆ. ಒಂದು ಇನ್ನೊಂದನ್ನು ಸರಿದೂಗಿಸಿ, ಬಿಸಿ ಮತ್ತು ಒಟ್ಟು ಹೊಗೆಯ ನಡುವಿನ ನಂಟು ಹೆಚ್ಚುಕಡಿಮೆ ನೇರ ಗೆರೆಯಾಗಿಬಿಡುತ್ತದೆ. ಸಾವಿರ ಗಿಗಾಟನ್ ಕಾರ್ಬನ್ ಡೈಆಕ್ಸೈಡಿಗೆ ಸುಮಾರು 0.45 ಡಿಗ್ರಿ. ಒಂದು ಗಿಗಾಟನ್ ಎಂದರೆ ನೂರು ಕೋಟಿ ಟನ್.

ಈ ಗೆರೆಯಿಂದ ತಪ್ಪಿಸಿಕೊಳ್ಳಲಾಗದ ಒಂದು ಮಾತು ಹೊರಡುತ್ತದೆ. ಬಿಸಿ ಎಲ್ಲೇ ನಿಲ್ಲಬೇಕಾದರೂ ಹೊಗೆ ನಿವ್ವಳ ಶೂನ್ಯಕ್ಕೆ, ಅಂದರೆ ಉಗುಳಿದಷ್ಟನ್ನೂ ಹಿಂದೆಗೆಯುವ ಮಟ್ಟಕ್ಕೆ, ಇಳಿಯಲೇಬೇಕು. ಅರ್ಧ ಮಾಡಿದರೆ ಸಾಲದು. ಅರ್ಧ ಮಾಡಿದರೆ ಕೆರೆ ನಿಧಾನವಾಗಿ ತುಂಬುತ್ತದೆ, ಅಷ್ಟೇ. ಇದೇ ಗೆರೆ ಒಂದು ಸಮಾಧಾನವನ್ನೂ ಕೊಡುತ್ತದೆ. ಶೂನ್ಯ ತಲುಪಿದ ಮೇಲೆ ಇಂಗಾಲದಿಂದಾಗುವ ಬಿಸಿ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. 'ಇನ್ನು ಏನು ಮಾಡಿದರೂ ಕೈಮೀರಿದೆ' ಎನ್ನುವವರಿಗೆ ವಿಜ್ಞಾನದ ಬೆಂಬಲವಿಲ್ಲ.

ಇಷ್ಟರ ಮೇಲೆ ಹಾದಿಗಳನ್ನು ಕಟ್ಟಿ, ಸರ್ಕಾರಗಳ ಮಾತನ್ನು ಅಳೆಯುವ ಕೆಲಸಕ್ಕೆ ನಿಂತವರಲ್ಲಿ ಯೂರಿ ರೋಗೆಲ್ ಹೆಸರು ಮುಂದಿನ ಸಾಲಿನದು. ಬೆಲ್ಜಿಯಂನಲ್ಲಿ ಎಂಜಿನಿಯರಿಂಗ್ ಓದಿ, ಝೂರಿಕ್‌ನಲ್ಲಿ ಡಾಕ್ಟರೇಟ್ ಪಡೆದು, ಈಯಾಸಾದಲ್ಲಿ ದುಡಿದು, ಬಳಿಕ ಲಂಡನ್ನಿನ ಇಂಪೀರಿಯಲ್ ಕಾಲೇಜು ಸೇರಿದವರು. 2009ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್ ಸಮಾವೇಶದಲ್ಲಿ ನಾಯಕರು 2 ಡಿಗ್ರಿಯ ಮಿತಿಯನ್ನು ಒಪ್ಪಿದರು; ಅದರ ಬೆನ್ನಿಗೇ ದೇಶಗಳು ತಮ್ಮ ತಮ್ಮ ವಾಗ್ದಾನಗಳನ್ನು ಪಟ್ಟಿ ಮಾಡಿದವು. ಕೆಲವೇ ತಿಂಗಳಲ್ಲಿ ರೋಗೆಲ್ ಮತ್ತು ಸಂಗಡಿಗರು ಆ ಪಟ್ಟಿಯನ್ನು ಕೂಡಿ ನೋಡಿ 'ನೇಚರ್'ನಲ್ಲಿ ಬರೆದರು: ಈ ವಾಗ್ದಾನಗಳಷ್ಟನ್ನೇ ನಂಬಿದರೆ 2100ರ ಹೊತ್ತಿಗೆ 3 ಡಿಗ್ರಿಯನ್ನೂ ದಾಟುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಒಪ್ಪಿದ ಮಿತಿಗೂ ಕೊಟ್ಟ ಮಾತಿಗೂ ನಡುವಿನ ಕಂದರವನ್ನು ಟನ್ನುಗಳಲ್ಲಿ ತೋರಿಸುವ ವಿಶ್ವಸಂಸ್ಥೆಯ ವರದಿ 2010ರಿಂದ ಪ್ರತಿವರ್ಷ ಬರುತ್ತಿದೆ, ಅದರಲ್ಲೂ ಅವರ ಕೈಯಿದೆ. ಪ್ಯಾರಿಸ್ ಒಪ್ಪಂದದ ವಾಗ್ದಾನಗಳನ್ನು 2016ರಲ್ಲಿ ಅಳೆದಾಗ ಬಂದ ಉತ್ತರ 2.6ರಿಂದ 3.1 ಡಿಗ್ರಿ. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ಕೊಡುಗೆ ಇದೇ. ರಾಜತಾಂತ್ರಿಕ ಭಾಷೆಯ ಮಂಜನ್ನು ಸರಿಸಿ, 'ನೀವು ಹೇಳಿದ್ದು ಇಷ್ಟು ಡಿಗ್ರಿ' ಎಂದು ಎದುರಿಗಿಡುವುದು.

1.5 ಡಿಗ್ರಿಯ ಮಿತಿ ಪ್ಯಾರಿಸ್ಸಿನಲ್ಲಿ ಒಪ್ಪಂದದೊಳಗೆ ಬಂದದ್ದು ಮುಳುಗುವ ಭಯದಲ್ಲಿದ್ದ ಪುಟ್ಟ ದ್ವೀಪದೇಶಗಳ ಹಟದಿಂದ. ಆಗ ಆ ಮಿತಿಯ ಹಾದಿಗಳ ಬಗ್ಗೆ ಅಧ್ಯಯನಗಳೇ ಬೆರಳೆಣಿಕೆಯಷ್ಟಿದ್ದವು. ಐಪಿಸಿಸಿ ವಿಶೇಷ ವರದಿ ಬರೆಯಬೇಕಾಯಿತು. ಹಾದಿಗಳ ಅಧ್ಯಾಯದ ಹೊಣೆ ಹೊತ್ತವರಲ್ಲಿ ರೋಗೆಲ್ ಒಬ್ಬರು. 2018ರ ಅಕ್ಟೋಬರಿನಲ್ಲಿ ಕೊರಿಯಾದ ಇಂಚಾನ್‌ನಲ್ಲಿ ಹೊರಬಂದ ಆ ವರದಿಯ ಸಾರ ಲೋಕವೆಲ್ಲ ಸುತ್ತಿತು: 2010ಕ್ಕೆ ಹೋಲಿಸಿದರೆ 2030ರೊಳಗೆ ಸುಮಾರು ಶೇ 45ರಷ್ಟು ಕಡಿತ, 2050ರ ಸುಮಾರಿಗೆ ನಿವ್ವಳ ಶೂನ್ಯ.

ಮಿತಿಯೊಳಗೆ ಇನ್ನೂ ಒಟ್ಟು ಎಷ್ಟು ಉಗುಳಬಹುದು ಎನ್ನುವ 'ಉಳಿದ ಬಜೆಟ್' ಎಂಬ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂದು ಒಮ್ಮೆ ಕಾಗದದ ಮೇಲೆ ಬರೆದು ನೋಡುವುದು ಒಳ್ಳೆಯದು. ಐಪಿಸಿಸಿಯ ಆರನೇ ವರದಿಯ ಅಂಕಿಗಳನ್ನೇ ಹಿಡಿಯೋಣ. 2010ರಿಂದ 2019ರ ದಶಕದ ಸರಾಸರಿಗೆ ಮನುಷ್ಯನಿಂದಾದ ಬಿಸಿ 1.07 ಡಿಗ್ರಿ. ಮಿತಿ 1.5. ಉಳಿದದ್ದು 0.43. ಮೀಥೇನ್ ಮೊದಲಾದ ಬೇರೆ ಅನಿಲಗಳ ಮುಂದಿನ ಪಾಲಿಗೆ ಸುಮಾರು 0.1 ಎತ್ತಿಡಬೇಕು. 0.33 ಉಳಿಯಿತು. ಅದನ್ನು 0.45ರಿಂದ ಭಾಗಿಸಿದರೆ 730 ಗಿಗಾಟನ್ ಚಿಲ್ಲರೆ. ಆದರೆ ಇದು ಆ ದಶಕದ ನಡುವಿನಿಂದ ಎಣಿಸಿದ ಲೆಕ್ಕ; ಅಲ್ಲಿಂದ 2019ರ ಕೊನೆಯವರೆಗೆ ವರ್ಷಕ್ಕೆ 40ರ ಆಸುಪಾಸಿನಂತೆ 200 ಗಿಗಾಟನ್ನಿಗೂ ಹೆಚ್ಚು ಆಗಲೇ ಖರ್ಚಾಗಿತ್ತು. ಕರಗುವ ಹಿಮನೆಲದಿಂದ ಹೊರಬೀಳುವ ಅನಿಲಕ್ಕೂ ಒಂದಿಷ್ಟು ಕಳೆಯಿರಿ. 500ರ ಸಮೀಪಕ್ಕೆ ಬರುತ್ತೇವೆ. 2020ರ ಆರಂಭಕ್ಕೆ, ಗೆಲ್ಲುವ ಸೋಲುವ ಸಾಧ್ಯತೆ ಸಮವಾಗಿರುವಂತೆ ಐಪಿಸಿಸಿ ಕೊಟ್ಟ ಸಂಖ್ಯೆ ಅದೇ, 500. ಮೂರರಲ್ಲಿ ಎರಡು ಪಾಲು ಭರವಸೆ ಬೇಕೆಂದರೆ 400. ಹೀಗೆ ಲೆಕ್ಕವನ್ನು ಬಿಡಿಬಿಡಿಯಾಗಿ ತೆರೆದಿಟ್ಟು, ಯಾವ ಅಂಕಿ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ಎಂದು ತೋರಿಸುವ ಚೌಕಟ್ಟನ್ನು ರೋಗೆಲ್ ಬಳಗ 2019ರಲ್ಲಿ ರೂಪಿಸಿತು. ಅದುವರೆಗೆ ಒಂದೊಂದು ಅಧ್ಯಯನ ಒಂದೊಂದು ಸಂಖ್ಯೆ ಹೇಳಿ ಓದುಗರನ್ನು ಗೊಂದಲಕ್ಕೆ ಕೆಡವುತ್ತಿತ್ತು.

ಈ ಕ್ಷೇತ್ರದ ದುರ್ಬಲ ಜಾಗವೂ ಇಲ್ಲೇ ಇದೆ. ಬಜೆಟ್ ಕರಗುತ್ತ ಬಂದಂತೆ ಕಂಪ್ಯೂಟರಿನ ಹಾದಿಗಳು ಸಾಲ ಮಾಡಲು ಕಲಿತವು. ಈಗ ಮಿತಿ ಮೀರಿ ಸುಡುವುದು, ಶತಮಾನದ ಕೊನೆಯಲ್ಲಿ ಮರ ಬೆಳೆಸಿ, ಜೈವಿಕ ಇಂಧನ ಸುಟ್ಟು, ಅದರ ಹೊಗೆಯನ್ನು ನೆಲದಡಿ ಹೂತು ಗಾಳಿಯಿಂದ ಇಂಗಾಲ ಹಿಂದೆ ತೆಗೆಯುವುದು. 2018ರ ವರದಿಯ 1.5 ಡಿಗ್ರಿ ಹಾದಿಗಳಲ್ಲಿ ಈ ಶತಮಾನದಲ್ಲಿ ಹೀಗೆ ಹಿಂದೆಗೆಯಬೇಕಾದ ಪ್ರಮಾಣ 100ರಿಂದ 1000 ಗಿಗಾಟನ್. ಅಷ್ಟು ಬೆಳೆಗೆ ನೆಲ ಎಲ್ಲಿದೆ? ಯಾರ ನೆಲ? ಸಾಲ ಮಾಡುವವರು ನಾವು, ತೀರಿಸಬೇಕಾದವರು ಇನ್ನೂ ಹುಟ್ಟದವರು. ರೋಗೆಲ್ ಇದನ್ನು ಒಳಗಿನಿಂದಲೇ ಪ್ರಶ್ನಿಸಿದರು. 2100ರ ಒಂದು ಬಿಂದುವಿಗೆ ಗುರಿಯಿಡುವ ಬದಲು ಬಿಸಿ ಎಲ್ಲಿ ತುತ್ತತುದಿ ಮುಟ್ಟುತ್ತದೆ, ಯಾವಾಗ ಶೂನ್ಯ ತಲುಪುತ್ತೇವೆ ಎಂಬುದನ್ನೇ ಹಾದಿಗಳ ಆಧಾರವಾಗಿಸಬೇಕು ಎಂದು 2019ರಲ್ಲಿ ಬರೆದರು. ಮಿತಿ ದಾಟಿ ಹಿಂದಿರುಗಬಹುದೆಂಬ ಅತಿವಿಶ್ವಾಸದ ವಿರುದ್ಧ 2024ರಲ್ಲಿ ಬಂದ ಅಧ್ಯಯನದಲ್ಲೂ ಅವರಿದ್ದರು. ಏರಿದ ಕಡಲು, ಅಳಿದ ಪ್ರಭೇದ ತಾಪಮಾನ ಇಳಿದಾಕ್ಷಣ ಹಿಂದಿರುಗುವುದಿಲ್ಲ.

ಇನ್ನೊಂದು ಟೀಕೆ ನಮ್ಮ ಬೆಂಗಳೂರಿನಿಂದ ಹೊರಟಿತು. ಆರನೇ ವರದಿಯ ಐನೂರಕ್ಕೂ ಹೆಚ್ಚು ಹಾದಿಗಳನ್ನು ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ತೇಜಲ್ ಕಾನಿಟ್ಕರ್ ಹಾಗೂ ಟಿ. ಜಯರಾಮನ್ ಮೊದಲಾದ ಸಂಗಡಿಗರು ಶೋಧಿಸಿದಾಗ ಕಂಡದ್ದು: 2050ರಲ್ಲೂ ದಕ್ಷಿಣ ಏಷ್ಯಾ, ಸಹಾರಾ ಕೆಳಗಿನ ಆಫ್ರಿಕಾದಂಥ ಕಡೆಯವರ ತಲಾ ಆದಾಯ ಜಗತ್ತಿನ ಸರಾಸರಿಗಿಂತ ಕೆಳಗೇ ಉಳಿಯುತ್ತದೆ ಎಂದು ಆ ಹಾದಿಗಳು ಮೊದಲೇ ಇಟ್ಟುಕೊಂಡಿವೆ. 1850ರಿಂದ 2019ರವರೆಗಿನ ಒಟ್ಟು ಹೊಗೆಯಲ್ಲಿ ಉತ್ತರ ಅಮೆರಿಕದ ಪಾಲು ಶೇ 23, ದಕ್ಷಿಣ ಏಷ್ಯಾದ್ದು ಶೇ 4. ಒಟ್ಟು ಮೊತ್ತವೇ ಮುಖ್ಯ ಎಂದು ಒಪ್ಪಿದ ವಿಜ್ಞಾನ, ಮೊತ್ತ ಯಾರದ್ದು ಎಂಬ ಪ್ರಶ್ನೆಯಿಂದ ನುಣುಚಿಕೊಳ್ಳಲಾಗದು. ಪರಿಸರವಾದಿಗಳಾದ ಅನಿಲ್ ಅಗರ್ವಾಲ್, ಸುನೀತಾ ನಾರಾಯಣ್ 1991ರಲ್ಲೇ ಎತ್ತಿದ್ದ ಪ್ರಶ್ನೆ ಅದು, ಇನ್ನೂ ಜೀವಂತವಾಗಿದೆ.

2025ರ ಆರಂಭಕ್ಕೆ 1.5 ಡಿಗ್ರಿಯ ಲೆಕ್ಕದಲ್ಲಿ, ಅರ್ಧಕ್ಕರ್ಧ ಸಾಧ್ಯತೆಗೆ ಉಳಿದಿದ್ದದ್ದು ಸುಮಾರು 130 ಗಿಗಾಟನ್, ಈಗಿನ ವೇಗದಲ್ಲಿ ಮೂರು ವರ್ಷದ ಖರ್ಚು. ಮಿತಿ ದಾಟುವುದು ಬಹುತೇಕ ಖಚಿತ. ಹಾಗೆಂದು ಹತ್ತು ವರ್ಷದ ಪ್ರಯತ್ನ ನೀರಿನಲ್ಲಿ ಹೋಮವಾಗಿಲ್ಲ. ಪ್ಯಾರಿಸ್ ಹೊತ್ತಿಗೆ 3ರಿಂದ 3.5 ಡಿಗ್ರಿಯತ್ತ ಸಾಗಿದ್ದ ಜಗತ್ತು, ವಿಶ್ವಸಂಸ್ಥೆಯ ಅದೇ ವಾರ್ಷಿಕ ಕಂದರದ ವರದಿಯ 2025ರ ಆವೃತ್ತಿಯಂತೆ ಆಗಿನ ನೀತಿಗಳಲ್ಲಿ 2.8ರತ್ತ, ವಾಗ್ದಾನವೆಲ್ಲ ನಡೆದರೆ 2.3ರಿಂದ 2.5ರತ್ತ ಸಾಗಿದೆ. ಲೆಕ್ಕ ನ್ಯಾಯಾಲಯವನ್ನೂ ಮುಟ್ಟಿದೆ: ಉಳಿದ ಕಾರ್ಬನ್ ಬಜೆಟ್ಟಿನ ಮೂಲಕವೋ ಬೇರೆ ರೀತಿಯಲ್ಲೋ ತನ್ನ ಹೊಗೆಗೆ ಅಳತೆಯ ಮಿತಿ ಹಾಕಿಕೊಳ್ಳದಿದ್ದುದನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಲೋಪವೆಂದು ಎಣಿಸಿತು.

ಇನ್ನು ಮುಂದೆ ಯಾವ ಸರ್ಕಾರವಾಗಲಿ, ಕಂಪನಿಯಾಗಲಿ ನಿವ್ವಳ ಶೂನ್ಯದ ಇಸವಿಯನ್ನು ಘೋಷಿಸಿದಾಗ ಒಂದು ಪ್ರಶ್ನೆ ಕೇಳಿ: ಆ ಇಸವಿ ಬರುವವರೆಗೆ ಒಟ್ಟು ಎಷ್ಟು ಟನ್?