ಗಂಟಲುಬೇನೆಯೂ ರಕ್ತದ ಚೀಟಿಯೂ

ಕ್ರಿ.ಶ. ೧೬೮೬ರ ಸೆಪ್ಟೆಂಬರಿನಲ್ಲಿ, ವರ್ಷಕ್ಕೂ ಮೀರಿ ನಡೆದ ಮುತ್ತಿಗೆಯ ತರುವಾಯ, ಬಿಜಾಪುರದ ಕೋಟೆಯು ಔರಂಗಜೇಬನ ಕೈವಶವಾಗಿ, ಆದಿಲಶಾಹಿಯ ಕಡೆಯ ಸುಲ್ತಾನನಾದ ಸಿಕಂದರನು ಸೆರೆಯಾಳಾದನು. ಅದೇ ವರ್ಷದಲ್ಲಿ, ಲಂಡನ್ನಿನ ಥಾಮಸ್ ಸಿಡೆನ್‌ಹ್ಯಾಮ್ ಎಂಬ ವೈದ್ಯನು, ಮಕ್ಕಳ ಕೈಕಾಲುಗಳು ಅವರ ಇಚ್ಛೆಯನ್ನು ಮೀರಿ ಕುಣಿಯತೊಡಗುವ, ಹಿಡಿದ ಲೋಟವು ಬಾಯಿಗೆ ಮುಟ್ಟುವ ಮೊದಲೇ ತುಳುಕಿಹೋಗುವ ಒಂದು ವಿಚಿತ್ರ ವ್ಯಾಧಿಯನ್ನು ವರ್ಣಿಸಿ ಬರೆದನು. ಈ ಎರಡು ಸಂಗತಿಗಳಿಗೆ ಪರಸ್ಪರ ಯಾವ ನಂಟೂ ಇಲ್ಲ. ವಿಜಯಪುರದ ಓದುಗನಿಗೆ ಇಸವಿಯು ನೆನಪಿನಲ್ಲಿ ಉಳಿಯಲೆಂದು ಮಾತ್ರ ಅವನ್ನು ಜೊತೆಗಿಟ್ಟೆನು. ಆದರೆ ಆ ಕೈಕಾಲಿನ ಕುಣಿತಕ್ಕೂ, ತಿಂಗಳುಗಳ ಹಿಂದೆ ಅದೇ ಮಗುವಿಗೆ ಬಂದು ಎಲ್ಲರೂ ಮರೆತುಬಿಟ್ಟಿದ್ದ ಗಂಟಲುನೋವಿಗೂ ಇರುವ ನಂಟು ಜಗತ್ತಿಗೆ ನಿಚ್ಚಳವಾಗಲು ಸುಮಾರು ಎರಡೂವರೆ ಶತಮಾನಗಳು ಹಿಡಿದವು. ಇಂದು ನಮ್ಮ ಊರಿನ ತಾಯಂದಿರು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಮಡಚಿಟ್ಟುಕೊಂಡು ತಿರುಗುವ ‘ಏ.ಎಸ್.ಓ.’ ಎಂಬ ರಕ್ತಪರೀಕ್ಷೆಯ ಚೀಟಿಯು ಆ ನಂಟಿನ ಶೋಧದ ಕಾಲದಲ್ಲಿಯೇ ಹುಟ್ಟಿದ್ದು.

ತಿಕೋಟಾದ ಕಡೆಯಿಂದ ನಗರಕ್ಕೆ ಬರುವ ಬಸ್ಸಿನಲ್ಲಿ ಅಂತಹ ಒಬ್ಬ ತಾಯಿ ನನ್ನ ಪಕ್ಕದಲ್ಲಿ ಕುಳಿತಿದ್ದಳು. ಎಂಟು ವರ್ಷದ ಹುಡುಗನು ಕಿಟಕಿಯಿಂದ ತಲೆ ಹೊರಹಾಕಿ ದ್ರಾಕ್ಷಿಯ ಪಡಗಳನ್ನು ಎಣಿಸುತ್ತಿದ್ದನು. “ಏನಾಗೇದವ್ವಾ ಹುಡುಗಗ?” ಎಂದು ಕೇಳಿದೆ. “ಏನಿಲ್ರಿ ಅಣ್ಣಾರ, ಹ್ವಾದ ತಿಂಗಳ ಗಂಟಲಾ ಬ್ಯಾನಿ ಆಗಿ ಜ್ವರ ಬಂದಿದ್ವು. ಈಗ ಆರಾಮ ಅದಾನ್ರಿ. ಆದರ ರಕ್ತದಾಗ ಏನೋ ನಾಕನೂರು ಐತಂತ” ಎಂದಳು. ಹುಡುಗನಿಗೆ ಕೀಲುನೋವಿಲ್ಲ, ಏದುಸಿರಿಲ್ಲ, ಬೇನೆಯೇನಿದ್ದರೂ ಚೀಟಿಗೆ. ಈ ಪರೀಕ್ಷೆಯು ಎಲ್ಲಿಂದ ಬಂದಿತು, ಯಾವ ಕೆಲಸಕ್ಕಾಗಿ ಬಂದಿತು, ಹೇಗೆ ತನ್ನದಲ್ಲದ ಕೆಲಸಕ್ಕೆ ಸಿಕ್ಕಿಬಿದ್ದಿತು ಎಂಬುದನ್ನು ಬರೆದಿಡಬೇಕೆಂದು ನನಗೆ ಅಂದೇ ಅನಿಸಿತು.

ಹಿಂದಿನವರ ಎಣಿಕೆಯಲ್ಲಿ ಗಂಟಲುಬೇನೆಯೂ ಕೀಲುಬೇನೆಯೂ ಎರಡು ಬೇರೆಬೇರೆ ಮನೆತನಗಳು. ಗಂಟಲು ನೊಂದರೆ ಕಿರುನಾಲಿಗೆ ಬಿದ್ದಿದೆಯೆನ್ನುವರು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಅರಿಸಿನ ಹಾಕಿದ ಬಿಸಿಹಾಲು, ಇಷ್ಟರಲ್ಲಿ ಚಿಕಿತ್ಸೆ ಮುಗಿಯುವುದು. ಕೀಲು ಬಾತರೆ ಅದು ವಾಯು. ಪಂಡಿತರ ಮಾತಿನಲ್ಲಿ ಆಮವಾತ. ಎಳೆಯ ಮಗಳು ಮದುವೆಯಾಗಿ, ಬಸುರಾಗಿ, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಕಟ್ಟಿದರೆ ಅದು ಮೂರನೆಯ ಮನೆತನ. ಬಾಲ್ಯದ ಗಂಟಲುಬೇನೆಯಿಂದ ತಾರುಣ್ಯದ ಏದುಸಿರಿನವರೆಗೆ ಒಂದೇ ದಾರಿಯುಂಟೆಂದು ಊಹಿಸಲು ಯಾರಿಗೂ ಆಧಾರವಿರಲಿಲ್ಲ. ರೋಗವು ಕೈಮೀರಿದಾಗ ಇದ್ದವರು ತಿಕೋಟಾ, ಅಥಣಿಗಳ ಮೇಲೆ ಹಾಯ್ದು ಮೀರಜಿಗೆ ಹೋಗುತ್ತಿದ್ದರು. ಅಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯನು ೧೮೯೪ರಲ್ಲಿ ತೆರೆದ ಆಸ್ಪತ್ರೆಯ ಹೆಸರು ನಮ್ಮ ಸೀಮೆಯ ಮನೆಮನೆಯಲ್ಲಿ ಬಳಕೆಯಲ್ಲಿತ್ತು. ಇಲ್ಲದವರು ಹೋಗುತ್ತಿರಲಿಲ್ಲ.

ದೂರದ ದೇಶಗಳಲ್ಲಿ ಮಾತ್ರ ಬಿಡಿ ಎಳೆಗಳು ನಿಧಾನವಾಗಿ ಕೂಡತೊಡಗಿದ್ದವು. ೧೮೩೬ರಲ್ಲಿ ಫ್ರಾನ್ಸಿನ ಬುಯೋ ಎಂಬ ವೈದ್ಯನು, ಆಗಿನ್ನೂ ಹೊಸದಾಗಿದ್ದ ಸ್ಟೆಥಾಸ್ಕೋಪನ್ನು ಕೀಲುಜ್ವರದ (ರುಮ್ಯಾಟಿಕ್ ಜ್ವರದ) ರೋಗಿಗಳ ಎದೆಗಿಟ್ಟು, ಕೀಲು ಬಾತವರಲ್ಲಿ ಹಲವರಿಗೆ ಹೃದಯವೂ ಕೆಟ್ಟಿರುವುದನ್ನು ಕಂಡನು. ೧೮೭೪ರಲ್ಲಿ ಬಿಲ್‌ರೋತನು, ಕೊಳೆತ ಗಾಯಗಳಲ್ಲಿ ಮಣಿಸರದಂತೆ ಪೋಣಿಸಿಕೊಂಡಿರುವ ಸೂಕ್ಷ್ಮಾಣುಗಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಹೆಸರನ್ನಿತ್ತನು. ಈ ಗಂಟಲುಬೇನೆಯನ್ನು ತರುವುದೂ ಅದೇ ರೋಗಾಣು. ಆದರೆ ಕೀಲು ಬಾತು ರೋಗಿಯು ಆಸ್ಪತ್ರೆಗೆ ಬರುವ ಹೊತ್ತಿಗೆ ಗಂಟಲುಬೇನೆಯು ಕಳೆದು ಎರಡು ಮೂರು ವಾರಗಳಾಗಿ, ಗಂಟಲಿನಲ್ಲಿ ರೋಗಾಣುವಿನ ಸುಳಿವೂ ಹಲವೊಮ್ಮೆ ಸಿಕ್ಕದೆ ಹೋಗುತ್ತಿದ್ದುದರಿಂದ, ಅಪರಾಧವನ್ನು ಅದರ ಮೇಲೆ ಹೊರಿಸುವ ಬಗೆ ತೋರದೆ ವೈದ್ಯರು ಬಹುಕಾಲ ತೊಳಲಾಡಿದರು.

ಆ ಬಗೆಯನ್ನು ೧೯೩೨ರಲ್ಲಿ ತೋರಿಸಿಕೊಟ್ಟವನು ಇಂಗ್ಲೆಂಡಿನ ಇ. ಡಬ್ಲ್ಯು. ಟಾಡ್. ಈ ರೋಗಾಣುವು ರಕ್ತಕಣಗಳನ್ನು ಕರಗಿಸುವ ಸ್ಟ್ರೆಪ್ಟೊಲೈಸಿನ್ ಎಂಬ ಒಂದು ವಿಷವನ್ನು ಸ್ರವಿಸುತ್ತದೆ. ಆಮ್ಲಜನಕ ಸೋಕಿದರೆ ಅದು ಸತ್ವಗುಂದುವುದರಿಂದ ಮುಂದೆ ಅದರ ಹೆಸರಿನ ಕೊನೆಗೆ ‘ಓ’ ಸೇರಿತು. ರೋಗಾಣುವು ತೊಲಗಿದ ಮೇಲೂ ಆ ವಿಷಕ್ಕೆ ಎದುರಾಗಿ ಶರೀರವು ಹುಟ್ಟಿಸಿದ ಪ್ರತಿದ್ರವ್ಯವು ರಕ್ತದಲ್ಲಿ ಉಳಿದಿರುತ್ತದೆ. ಟಾಡನು ಸಾಲಾಗಿ ಗಾಜಿನ ನಳಿಕೆಗಳನ್ನು ನಿಲ್ಲಿಸಿ, ರೋಗಿಯ ರಕ್ತದ ತಿಳಿಯನ್ನು ಒಂದಕ್ಕಿಂತ ಒಂದರಲ್ಲಿ ಹೆಚ್ಚು ಹೆಚ್ಚು ತೆಳುವಾಗಿಸಿ, ಪ್ರತಿಯೊಂದಕ್ಕೂ ಅಳೆದ ವಿಷವನ್ನೂ ಮೊಲದ ಕೆಂಪು ಕಣಗಳನ್ನೂ ಬೆರಸಿ ಬೆಚ್ಚಗಿಟ್ಟನು. ಪ್ರತಿದ್ರವ್ಯವು ಸಾಕಷ್ಟಿದ್ದ ನಳಿಕೆಯಲ್ಲಿ ಕಣಗಳು ತಳದಲ್ಲಿ ಇಡಿಯಾಗಿ ಕುಳಿತವು. ಸಾಲದಾದಲ್ಲಿ ಕರಗಿ ನೀರು ಕೆಂಪಾಯಿತು. ಕೆಂಪಾಗದೆ ಉಳಿದ ಕಡೆಯ ನಳಿಕೆಯ ಲೆಕ್ಕವೇ ಆ ರೋಗಿಯ ಅಂಕೆ. ಗಂಟಲು ಬರಿದಾಗಿದ್ದರೂ ರಕ್ತವು ಹಳೆಯ ಸೋಂಕನ್ನು ಹೇಳುವಂತಾಯಿತು. ಟಾಡನ ಪರೀಕ್ಷೆಯು ಹುಟ್ಟಿದ್ದು ಮುಂದಾಗುವುದನ್ನು ನುಡಿಯಲಿಕ್ಕಲ್ಲ, ಆಗಿಹೋದುದನ್ನು ನೆನೆಯಲಿಕ್ಕೆ ಎಂಬುದನ್ನು ಓದುಗರು ಇಲ್ಲಿಯೇ ಗಮನಿಸಬೇಕು.

ನಾವು ಇಂದು ಕಾಣುವುದು ಅದರ ಕಿರಿಯ ರೂಪ. ಕಪ್ಪು ಗಾಜಿನ ಫಲಕದ ಮೇಲೆ ತಿಳಿರಕ್ತದ ಒಂದು ಹನಿ, ಅದರ ಮಗ್ಗುಲಲ್ಲಿ ಹಾಲಿನಂತಹ ಲೇಟೆಕ್ಸಿನ ಒಂದು ಹನಿ. ಕಡ್ಡಿಯಿಂದ ಕಲಸಿ ಎರಡು ನಿಮಿಷ ಫಲಕವನ್ನು ತೂಗಿದರೆ, ಪ್ರತಿದ್ರವ್ಯವು ೨೦೦ರ ಮಾನವನ್ನು ಮೀರಿದ್ದಲ್ಲಿ, ಒಡೆದ ಹಾಲಿನಂತೆ ಬಿಳಿಯ ಕಾಳುಗಳು ಕಟ್ಟುತ್ತವೆ. ಮೊಲವೂ ಬೇಡ, ನಳಿಕೆಗಳ ಸಾಲೂ ಬೇಡ. ಇಷ್ಟು ಸುಲಭವಾದದ್ದೇ, ನನ್ನ ಅಭಿಪ್ರಾಯದಲ್ಲಿ, ಅದರ ದುರುಪಯೋಗಕ್ಕೂ ದಾರಿಯಾಯಿತು. ನಗರದಲ್ಲಿ ೧೯೮೪ರಲ್ಲಿ ಅಲ್-ಅಮೀನ್ ವೈದ್ಯಕೀಯ ಮಹಾವಿದ್ಯಾಲಯವೂ, ಫ. ಗು. ಹಳಕಟ್ಟಿಯವರು ೧೯೧೦ರಲ್ಲಿ ನೆಟ್ಟ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯವೂ ೧೯೮೬ರಲ್ಲಿ ತೆರೆದ ಮೇಲೆ ಮೀರಜಿನ ಹಂಗು ಬಹುಮಟ್ಟಿಗೆ ತಪ್ಪಿತು. ಇಂದು ತಿಕೋಟಾ, ಬಬಲೇಶ್ವರಗಳೇ ತಾಲೂಕು ಕೇಂದ್ರಗಳು. ರಕ್ತ ಕೊಡಲು ದೂರ ಹೋಗಬೇಕಾಗಿಲ್ಲ.

ಪರೀಕ್ಷೆಗಿಂತ ದೊಡ್ಡ ಸಂಗತಿಯೊಂದು ಈ ನಡುವೆ ನಡೆದುಹೋಗಿತ್ತು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ವೈಯೋಮಿಂಗಿನ ವಾಯುಸೇನೆಯ ನೆಲೆಯೊಂದರಲ್ಲಿ ಸೈನಿಕರಿಗೆ ಈ ಗಂಟಲುಬೇನೆಯು ಹಬ್ಬಿದಾಗ, ಚಿಕಿತ್ಸೆಯಿಲ್ಲದವರಲ್ಲಿ ನೂರಕ್ಕೆ ಸುಮಾರು ಮೂವರು ಕೀಲುಜ್ವರಕ್ಕೆ ತುತ್ತಾದರೆಂದೂ, ಪೆನಿಸಿಲಿನ್ ಪಡೆದವರು ಬಹುತೇಕ ಪಾರಾದರೆಂದೂ ೧೯೫೦ರಲ್ಲಿ ಪ್ರಕಟವಾಯಿತು. ಗಂಟಲು ನೊಂದ ಒಂಬತ್ತು ದಿನಗಳೊಳಗೆ ಮದ್ದು ಆರಂಭವಾದರೂ ಸಾಕೆಂದು ತಿಳಿಯಿತು. ೧೯೫೪ರಲ್ಲಿ ಪಿಂಪ್ರಿಯಲ್ಲಿ ಸ್ವದೇಶೀ ಪೆನಿಸಿಲಿನ್ನಿನ ಕಾರ್ಖಾನೆಯು ಸ್ಥಾಪಿತವಾದಾಗ ಬಿಜಾಪುರವೂ ಅದೇ ಮುಂಬಯಿ ರಾಜ್ಯದಲ್ಲಿದ್ದಿತು.

ಈಗ ದಿನಗಳನ್ನು ಬೆರಳಿನಲ್ಲಿ ಎಣಿಸಿ ನೋಡಿ. ಮದ್ದಿಗೆ ಗಡುವು ಒಂಬತ್ತು ದಿನ. ರಕ್ತದ ಅಂಕೆಯು ಏರತೊಡಗುವುದೇ ಸುಮಾರು ಒಂದು ವಾರದ ಮೇಲೆ, ಶಿಖರ ಮುಟ್ಟುವುದು ಮೂರರಿಂದ ಐದನೆಯ ವಾರದಲ್ಲಿ, ಇಳಿಯುವುದು ತಿಂಗಳುಗಟ್ಟಲೆ. ಮದ್ದು ಬೇಕಾದಾಗ ಪರೀಕ್ಷೆಯು ಮೌನವಾಗಿರುತ್ತದೆ. ಅದು ಮಾತನಾಡುವ ಹೊತ್ತಿಗೆ ಮದ್ದಿನ ಗಡುವು ಮೀರಿರುತ್ತದೆ. ನೋಯುವ ಗಂಟಲಿಗೆ ತಕ್ಕ ಪರೀಕ್ಷೆಯೆಂದರೆ ಗಂಟಲಿನಿಂದಲೇ ಹತ್ತಿಯ ಕಡ್ಡಿಯಲ್ಲಿ ತೆಗೆದ ದ್ರವವನ್ನು ಕುರಿಯ ರಕ್ತ ಬೆರೆತ ತಟ್ಟೆಯಲ್ಲಿ ಬೆಳೆಸಿ ನೋಡುವುದು. (ಕುರಿಗೆ ಬರವಿಲ್ಲದ ಈ ಸೀಮೆಯಲ್ಲಿ ಅದು ಮನೆಮಾತಾಗದೆ ಹೋದದ್ದು ಸೋಜಿಗವೇ.) ಶಾಲೆಗೆ ಹೋಗುವ ವಯಸ್ಸಿನ, ಸರ್ವಥಾ ಆರೋಗ್ಯವಂತರಾದ ಮಕ್ಕಳಲ್ಲಿಯೂ ೨೦೦ನ್ನು ಮೀರಿದ ಅಂಕೆ ಅಪರೂಪವಲ್ಲ, ವಸತಿನಿಲಯದ ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುವಲ್ಲಿ ಸೋಂಕು ಬಂದುಹೋಗುತ್ತಲೇ ಇರುತ್ತದೆ. ಬಿಜಾಪುರದ ಕುರಿತು ಬರೆಯುವವನಿಗೆ ಗೋಲಗುಮ್ಮಟದ ಪ್ರತಿಧ್ವನಿಯ ಉಪಮೆಯನ್ನು ತಡೆದುಕೊಳ್ಳುವುದು ಕಷ್ಟ. ಆದರೆ ಅಲ್ಲಿ ಚಪ್ಪಾಳೆ ತಟ್ಟಿದವನು ಕಣ್ಣೆದುರಿಗೆ ಇರುತ್ತಾನೆ, ಇಲ್ಲಿ ಯಾವಾಗ ತಟ್ಟಿದನೆಂಬುದೂ ತಿಳಿಯದು.

ಹಾಗಾದರೆ ಪರೀಕ್ಷೆಯು ವ್ಯರ್ಥವೇ? ಅಲ್ಲ. ೧೯೪೪ರಲ್ಲಿ ಡಕೆಟ್ ಜೋನ್ಸ್ ಕೀಲುಜ್ವರವನ್ನು ಗುರುತಿಸುವ ಲಕ್ಷಣಗಳನ್ನು ಕಟ್ಟಿಕೊಟ್ಟನು. ೧೯೬೫ರ ಪರಿಷ್ಕರಣದಲ್ಲಿ ಹಿಂದಿನ ಸೋಂಕಿನ ಪುರಾವೆಯೂ ಬೇಕೆಂಬ ನಿಯಮವು ಸೇರಿತು. ಇಂದು ಮೊಣಕಾಲು, ನಾಳೆ ಮಣಿಕಟ್ಟು ಎಂದು ಬಾವು ಸ್ಥಳಾಂತರಗೊಳ್ಳುತ್ತ ಹೋಗುವ ಮಗುವಿನಲ್ಲಿ, ಎದೆಯ ಸದ್ದು ಬದಲಾದ ಮಗುವಿನಲ್ಲಿ, ಈ ರಕ್ತಪರೀಕ್ಷೆಯು ಅತ್ಯಗತ್ಯ. ಎರಡು ಮೂರು ವಾರಗಳ ಅಂತರದಲ್ಲಿ ಎರಡು ಸಲ ಮಾಡಿ ಏರಿಳಿತವನ್ನು ಕಂಡರೆ ಇನ್ನೂ ಮೇಲು. ಆಗಲೂ ಐವರಲ್ಲಿ ಒಬ್ಬನಲ್ಲಿ ಅಂಕೆಯು ಏರಿರುವುದಿಲ್ಲ. ಕಜ್ಜಿಹುಣ್ಣುಗಳ ಮೂಲಕ ಬಂದ ಸೋಂಕಿನಲ್ಲಂತೂ ಅದು ಏರುವುದೇ ಕಡಮೆ. ಅಂತಹ ಮಗುವಿನ ಮುಖ ಬಾತು ಮೂತ್ರವು ಚಹದ ಬಣ್ಣಕ್ಕೆ ತಿರುಗಿದರೆ, ಮೂತ್ರಪಿಂಡಕ್ಕೆ ಬಾಧೆ ತಟ್ಟಿರಬಹುದಾದ್ದರಿಂದ, ಮೊದಲು ಮೂತ್ರವನ್ನೂ ರಕ್ತದೊತ್ತಡವನ್ನೂ ನೋಡಬೇಕು. ಇನ್ನು ಸಿಡೆನ್‌ಹ್ಯಾಮನು ಕಂಡ ಆ ಕುಣಿತವು ಸೋಂಕಿನ ಆರೇಳು ತಿಂಗಳ ಮೇಲೂ ಬರಬಲ್ಲುದಾಗಿ, ಅಷ್ಟರಲ್ಲಿ ಅಂಕೆಯು ಇಳಿದುಹೋಗಿರುವುದುಂಟು. ಆದುದರಿಂದಲೇ ಪುರಾವೆಯ ನಿಯಮದಿಂದ ಅದಕ್ಕೆ ವಿನಾಯಿತಿ ಕೊಟ್ಟಿದ್ದಾರೆ.

ಬರಿಯ ಅಂಕೆಯನ್ನು ಇಳಿಸಲೆಂದು ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡ ಮಕ್ಕಳನ್ನು ನಾನು ಬಲ್ಲೆನು. ಹೃದಯದ ಕವಾಟವು ನಿಜವಾಗಿ ಕೆಟ್ಟಿದ್ದು, ೨೧ ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿಯನ್ನು ಪಡೆಯಬೇಕಾಗಿದ್ದು, ತಂದೆತಾಯಿಗಳು ಕಬ್ಬು ಕಡಿಯಲು ಗುಳೆ ಹೋದುದರಿಂದ ಅದನ್ನು ತಪ್ಪಿಸಿಕೊಂಡ ಮಕ್ಕಳನ್ನೂ ಬಲ್ಲೆನು. ಬಸ್ಸಿನ ತಾಯಿಗೆ ನಾನು ಹೇಳಿದ್ದು ಇಷ್ಟೇ: ಚೀಟಿಯನ್ನು ಒತ್ತಟ್ಟಿಗಿಟ್ಟು, ಹುಡುಗನ ಎದೆಯನ್ನು ಒಮ್ಮೆ ಒಳ್ಳೆಯ ಡಾಕ್ಟರರಿಂದ ಕೇಳಿಸು, ಮುಂದೆ ಗಂಟಲು ನೊಂದು ಜ್ವರ ಬಂದರೆ ರಕ್ತ ಕೊಡುವುದಕ್ಕಲ್ಲ, ಗಂಟಲು ತೋರಿಸುವುದಕ್ಕೆ ಒಂಬತ್ತು ದಿನದೊಳಗೆ ಕರೆದುಕೊಂಡು ಬಾ.