ಗರಡಿಯ ಆಚಾರ ಮತ್ತು ಜೋಡಿಯ ನ್ಯಾಯ

ಕನ್ನಡನಾಡಿನ ಮಲ್ಲವಿದ್ಯೆಯ ಪ್ರಸ್ತಾಪ ಬಂದಾಗ ಜಟ್ಟಿಗಳ ಬಲವನ್ನೂ ಅರಸರ ಔದಾರ್ಯವನ್ನೂ ವರ್ಣಿಸುವುದು ವಾಡಿಕೆ. ಕಲಿಯಲು ಬಂದ ಹುಡುಗನ ಕತ್ತು ಉಳುಕದಂತೆ, ಕೀಲು ತಪ್ಪದಂತೆ ಕಾಯುತ್ತಿದ್ದ ಏರ್ಪಾಡು ಯಾವುದೆಂಬ ಪ್ರಶ್ನೆ ಮಾತ್ರ ಬದಿಗೆ ಉಳಿಯುತ್ತದೆ. ಗರಡಿಯ ಆಚಾರಗಳನ್ನು ಬರಿಯ ಭಕ್ತಿಯೆಂದು ಎಣಿಸಿದುದೇ ಈ ಅಲಕ್ಷ್ಯಕ್ಕೆ ಕಾರಣವೆಂದು ನಮಗೆ ತೋರುತ್ತದೆ.

ಮೈಸೂರಿನ ಗರಡಿಮನೆಗಳನ್ನೇ ನೋಡಬಹುದು. ಪಾದರಕ್ಷೆಯನ್ನು ಹೊರಗೆ ಬಿಟ್ಟು ಒಳಗೆ ಬರಬೇಕು; ಅಖಾಡಕ್ಕೆ ಇಳಿಯುವ ಮುನ್ನ ಮಟ್ಟಿಯನ್ನು ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು; ಹನುಮಂತನಿಗೂ ಉಸ್ತಾದರಿಗೂ ನಮಸ್ಕರಿಸಬೇಕು. ಮಟ್ಟಿಯೆಂದರೆ ಎಣ್ಣೆ, ಅರಿಸಿನ, ಮಜ್ಜಿಗೆ ಮೊದಲಾದುವನ್ನು ಬೆರೆಸಿ ಹದಗೊಳಿಸಿದ ಕೆಮ್ಮಣ್ಣು. ಅದನ್ನು ಗುದ್ದಲಿಯಿಂದ ಅಗೆದು ಸಡಿಲಿಸುವುದು ಕಲಿಯುವವರಿಗೆ ಸೇವೆಯೂ ಹೌದು, ಸಾಮೂ ಹೌದು. ಅಗೆಯದೆ ಬಿಟ್ಟ ಮಣ್ಣು ನೆಲದಂತೆ ಗಟ್ಟಿಯಾಗಿ ಬಿದ್ದವನ ಬೆನ್ನನ್ನು ನೋಯಿಸುತ್ತದೆ. ಚಪ್ಪಲಿಗೆ ಅಂಟಿ ಬಂದ ಕಲ್ಲಿನ ಚೂರು ಮೊಣಕಾಲನ್ನು ಸೀಳುತ್ತದೆ. ಎದುರಾಳಿಯ ಮೈಗೆ ಮಣ್ಣು ಎರಚುವುದು ಹೊರಗಿನವರಿಗೆ ವಿನೋದವಾಗಿ ಕಂಡೀತು. ಬೆವರಿದ ಮೈಯಲ್ಲಿ ಹಿಡಿತ ಜಾರದಿರಲೆಂಬುದು ಅದರ ಉದ್ದೇಶ. ಇವುಗಳಲ್ಲಿ ಶಿಷ್ಟಾಚಾರ ಎಲ್ಲಿ ಮುಗಿಯಿತು, ರಕ್ಷಣೋಪಾಯ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯಲಾಗದು. ಅರಿಸಿನ ಬೆರೆಸಿದ ಮಾತ್ರಕ್ಕೆ ಚರ್ಮರೋಗ ಹರಡದೆಂದು ನಂಬುವುದು ಅತಿಯಾದೀತು. ಸ್ನಾನವೂ ಉಗುರು ಕತ್ತರಿಸುವುದೂ ಅದಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತವೆ.

ಆದರೆ ಮಣ್ಣಿಗಿಂತ ಮುಖ್ಯವಾದ ರಕ್ಷೆ ಜೋಡಿಯದು. ಯಾರು ಯಾರೊಡನೆ ಹಿಡಿಯಬೇಕೆಂಬುದನ್ನು ಹುಡುಗರ ಹುರುಪಿಗೆ ಬಿಡದೆ ಉಸ್ತಾದರು ನಿರ್ಧರಿಸುತ್ತಾರೆ. ಈ ವಿವೇಕಕ್ಕೆ ದೀರ್ಘವಾದ ಇತಿಹಾಸವಿದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ಅನುಸಾರವಾಗಿ ವಿಂಗಡಿಸಲಾಗಿದೆ. ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲೆ ಸಾಧಿಸುವುದು ಇವೆಲ್ಲ ಅಲ್ಲಿ ‘ಶ್ರಮ’ದ ಬಗೆಗಳು, ಆಹಾರವನ್ನು ಒದಗಿಸುವುದು ಅರಸನ ಹೊಣೆ. ಇದನ್ನು ಓದಿ ಅರಸನ ಕರುಣೆಯನ್ನು ಕೊಂಡಾಡುವ ಅವಸರ ಬೇಡ. ಪ್ರಕರಣದ ಹೆಸರೇ ವಿನೋದ. ಆನೆ ಕುದುರೆಗಳನ್ನು ಪೋಷಿಸುವಂತೆ ಮಲ್ಲರನ್ನು ಪೋಷಿಸಿದ ಅರಮನೆಗೆ ಸಮಬಲರ ಕಾಳಗವೇ ನೋಡಲು ರುಚಿಕರವಾಗಿತ್ತು. ಗುಜರಾತಿನ ಜ್ಯೇಷ್ಠಿಮಲ್ಲರ ಮಲ್ಲಪುರಾಣವಾದರೋ ಮಲ್ಲರದೇ ಕುಲಪುರಾಣ. ಅಖಾಡದ ಸಿದ್ಧತೆ, ಋತುವಿಗೆ ತಕ್ಕ ಆಹಾರ ಇವನ್ನು ಅದು ಬಿಡಿಸಿ ಹೇಳುತ್ತದೆ. ಇಲ್ಲಿ ಮಾತನಾಡುವವನು ನೋಡುವವನಲ್ಲ, ಬೀಳುವವನು.

ಕಲಿಯುವ ಕಟ್ಟಳೆ ಅರಸನ ಕಣ್ಣೆದುರು ಎಷ್ಟರಮಟ್ಟಿಗೆ ನಿಂತಿತು? ೧೫೨೦ರ ಸುಮಾರಿಗೆ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಮಲ್ಲರು ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ ಗುದ್ದಾಡುತ್ತಿದ್ದರೆಂದೂ ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರೆಂದೂ ಬರೆದಿದ್ದಾನೆ. ಅದೇ ಉಸಿರಿನಲ್ಲಿ, ಇಬ್ಬರನ್ನೂ ಸಮಸ್ಥಿತಿಯಲ್ಲಿ ಕಣಕ್ಕಿಳಿಸಲು ನಾಯಕರೂ ನ್ಯಾಯನಿರ್ಣಾಯಕರೂ ಇದ್ದರೆಂದು ಹೇಳುತ್ತಾನೆ. ಈ ಎರಡು ಮಾತುಗಳನ್ನು ಒಟ್ಟಿಗೆ ಓದಬೇಕು. ಜೋಡಿಯ ನ್ಯಾಯ ಅನ್ಯಾಯವನ್ನು ತಡೆಯಿತು, ಗಾಯವನ್ನು ತಡೆಯಲಿಲ್ಲ. ಗಾಯವನ್ನು ತಡೆಯಬೇಕಾದರೆ ಕಾಳಗ ಎಲ್ಲಿ ನಿಲ್ಲಬೇಕೆಂಬ ಇನ್ನೊಂದು ಕಟ್ಟಳೆ ಬೇಕು.

ಮೈಸೂರಿನ ವಜ್ರಮುಷ್ಟಿ ಕಾಳಗದಲ್ಲಿ ಅಂಥ ಕಟ್ಟಳೆಯಿದೆ. ತಲೆ ಬೋಳಿಸಿದ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ವಿಜಯದಶಮಿಯಂದು ಅರಮನೆಯಲ್ಲಿ ಎದುರಾಗುತ್ತಾರೆ. ಒಬ್ಬನ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ರಕ್ತವನ್ನು ಬೇಡುವ ವಿಧಿಯೇ ರಕ್ತಕ್ಕೆ ಮಿತಿಯನ್ನೂ ಹಾಕಿದೆ. ಈ ಮಿತಿಯನ್ನು ಸೌಮ್ಯತೆಯೆಂದು ಕರೆಯಲು ನಾವು ಸಿದ್ಧರಿಲ್ಲ; ತಲೆಗೆ ಬಿದ್ದ ಪೆಟ್ಟು ರಕ್ತ ಬಾರದೆಯೂ ಹಾನಿಮಾಡಬಲ್ಲದು. ಆದರೂ ನಿಲ್ಲಿಸುವ ಗುರುತು ಸೆಣಸುವವರ ರೋಷಕ್ಕೆ ಹೊರಗಿರುವುದು ಸಣ್ಣ ಸಂಗತಿಯಲ್ಲ. ಗರಡಿಯಲ್ಲಿಯೂ ಹಾಗೆಯೇ: ಉಸ್ತಾದರು ‘ಬಿಡು’ ಎಂದೊಡನೆ ಪಟ್ಟು ಸಡಿಲಬೇಕು. ಅವರಿಗೆ ಮಾಡಿದ ನಮಸ್ಕಾರದಲ್ಲಿ ಈ ಮಾತನ್ನು ಕೇಳುವೆನೆಂಬ ಒಪ್ಪಿಗೆ ಅಡಗಿದೆ. ಆ ಅಧಿಕಾರ ದುರುಪಯೋಗಕ್ಕೂ ಎಡೆಗೊಡಬಹುದೆಂಬುದನ್ನು ಅಲ್ಲಗಳೆಯಲಾಗದು. ಹೆಣ್ಣುಮಕ್ಕಳನ್ನು ಬಹುಕಾಲ ಹೊರಗಿಟ್ಟುದೂ ಅದೇ ಅಧಿಕಾರವೇ.

ಮೈಸೂರಿನಲ್ಲಿ ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವ ಪದ್ಧತಿ ಇಂದಿಗೂ ಇದೆ. ಪೈಲ್ವಾನರು ಹಿರಿಯರ ಮುಂದೆ ಎದುರೆದುರಾಗಿ ನಿಲ್ಲುತ್ತಾರೆ. ಮೈಕಟ್ಟು, ವಯಸ್ಸು, ಹಿಂದಿನ ಕುಸ್ತಿಗಳ ಅನುಭವ ಇವನ್ನು ತೂಗಿನೋಡಿ ಜೋಡಿಯನ್ನು ಗೊತ್ತುಮಾಡುತ್ತಾರೆ.