ಟಾರು ಬಂದ ಮೇಲಿನ ಆಟ

1783ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯದ ಜನರಲ್ ರಿಚರ್ಡ್ ಮ್ಯಾಥ್ಯೂಸ್ ಕುಂದಾಪುರವನ್ನು ಹಿಡಿದು, ಹೊಸಂಗಡಿಯ ಬಳಿ ಘಾಟಿ ಹತ್ತಿ ಬಿದನೂರಿಗೆ ನುಗ್ಗಿದ. ಘಾಟಿಯ ಉದ್ದಕ್ಕೂ ಹೈದರನ ಕಾಲದ ತೋಪುಗಳ ಕಾವಲಿತ್ತು. ಆದರೂ ತಿಂಗಳ ಕೊನೆಯೊಳಗೆ ಬಿದನೂರು ಅವನ ಕೈ ಸೇರಿತು. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದ, ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ನಮ್ಮ ಹೊಸಂಗಡಿ ‘ಹುಸೇನ್‌ಗಡಿ’ ಎಂಬಂಥ ರೂಪ ತಾಳಿದೆ. ‘ಅಂಗಡಿ’ ಎಂಬ ಪದವೇ ಕಿವಿಗೆ ಬೀಳದವರು ಬರೆದದ್ದು.

ಈ ಕಥೆಯನ್ನು ನಾನು ಇಲ್ಲಿ ತೆಗೆದದ್ದು ಯುದ್ಧಕ್ಕಾಗಿ ಅಲ್ಲ, ದಾರಿಗಾಗಿ. ಕರಾವಳಿಯಿಂದ ಮಲೆನಾಡಿಗೆ ಹತ್ತುವ ಘಾಟಿ ದಾರಿಗಳು ನನ್ನ ಪಿಎಚ್‌.ಡಿ. ವಿಷಯ. ಭಾನುವಾರಗಳಂದು ನಾನು ಅದೇ ಆಸುಪಾಸಿನಲ್ಲಿ ಬೈಕು ಓಡಿಸುವವನೂ ಹೌದು. ಕುಂದಾಪುರ, ಬ್ರಹ್ಮಾವರ, ಬೈಂದೂರುಗಳಿಂದ ಸೇರುವ ನಮ್ಮ ಗುಂಪಿನಲ್ಲಿ ಬ್ಯಾಂಕಿನವರಿದ್ದಾರೆ, ಬೋಟಿನ ಎಂಜಿನ್ ರಿಪೇರಿ ಮಾಡುವವರಿದ್ದಾರೆ, ಒಬ್ಬರು ಹೈಸ್ಕೂಲು ಮೇಷ್ಟ್ರು. ಎಲ್ಲರದ್ದೂ ಡ್ಯುಯಲ್ ಸ್ಪೋರ್ಟ್ ಜಾತಿಯ ಬೈಕು: ಮುಂದೆ 21 ಇಂಚಿನ ದೊಡ್ಡ ಗಾಲಿ, ನೆಲದಿಂದ ಒಂದು ಗೇಣು ಎತ್ತರ ನಿಂತ ಎಂಜಿನ್, ಟಾರಿಗೂ ಆಗುವ ಮಣ್ಣಿಗೂ ಆಗುವ ಟಯರು. ಟಾರು ಮುಗಿದು ಮುರಕಲ್ಲು, ಕೆಸರು, ಹಳ್ಳ ಶುರುವಾದಲ್ಲಿ ನಮ್ಮವರು ‘ಆಫ್‌ರೋಡ್ ಬಂತು’ ಎಂದು ಹುರುಪಾಗುತ್ತಾರೆ.

ಆಫ್‌ರೋಡ್ ಎಂದರೆ ದಾರಿಯಲ್ಲದ್ದು. ಆದರೆ ನಾವು ಹಾಗೆ ಕರೆಯುವ ಜಾಡುಗಳಲ್ಲಿ ಹೆಚ್ಚಿನವು ಒಂದು ಕಾಲದಲ್ಲಿ ಹೆದ್ದಾರಿಗಳೇ ಆಗಿದ್ದವು. 16ನೇ ಶತಮಾನದಲ್ಲಿ ಪೋರ್ಚುಗೀಸರು ಅಕ್ಕಿಗಾಗಿ ಬಸ್ರೂರಿಗೆ ಬರುತ್ತಿದ್ದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಬಸ್ರೂರು, ಗಂಗೊಳ್ಳಿಗಳ ಕೋಟೆಗಳನ್ನು ಅವರಿಂದ ಕಿತ್ತುಕೊಂಡ. ಬಿದನೂರಿನಲ್ಲಿ ರಾಜಧಾನಿ, ಬಸ್ರೂರಿನಲ್ಲಿ ಬಂದರು, ನಡುವೆ ಘಟ್ಟ. ಉಪ್ಪು, ಒಣಮೀನು, ತೆಂಗಿನಕಾಯಿ ಮೇಲಕ್ಕೆ, ಅಡಿಕೆ, ಕಾಳುಮೆಣಸು ಕೆಳಕ್ಕೆ. ಇವೆಲ್ಲ ಹೋದದ್ದು ಗಾಡಿಯಲ್ಲಲ್ಲ. ಹೇರೆತ್ತಿನ ಬೆನ್ನ ಮೇಲೆ, ಮನುಷ್ಯರ ತಲೆಯ ಮೇಲೆ. ಗಾಲಿಯೇ ಇಲ್ಲದ ಹೆದ್ದಾರಿ ಅದು. ಹೇರೆತ್ತಿಗೆ ಬೇಕಾದದ್ದು ಒಂದು ಎತ್ತಿನ ಅಗಲ, ಕಾಲೂರಲು ಕಲ್ಲು, ನಡುನಡುವೆ ನೀರು. ನಮ್ಮ ಬೈಕಿಗೆ ಬೇಕಾದದ್ದೂ ಸುಮಾರಾಗಿ ಅಷ್ಟೇ. ಹಾಗಾಗಿಯೇ ಜೀಪು ಹೋಗದ ಹಳೆಯ ಜಾಡುಗಳಲ್ಲಿ ಎರಡು ಗಾಲಿ ಹೋಗುತ್ತದೆ.

ಗಾಲಿಗೆ ಇಲ್ಲಿ ಅಡ್ಡಿಯಾಗಿದ್ದದ್ದು ಘಟ್ಟವೊಂದೇ ಅಲ್ಲ. ಸಮುದ್ರದ ಬದಿಯಲ್ಲಿ ಹೋದರೆ ಹೆಜ್ಜೆಗೊಂದು ಹೊಳೆ. 1799ರಲ್ಲಿ ಕೆನರಾದ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋಗೆ ಈ ಊರು ಸೇರಲೇ ಇಲ್ಲ. ವರ್ಗ ಬೇಡಿಕೊಂಡು, ಮರುವರ್ಷವೇ ಬಳ್ಳಾರಿ ಸೀಮೆಗೆ ಹೊರಟುಹೋದ. (ರೈತವಾರಿ ಪದ್ಧತಿಗಾಗಿ ಅವನನ್ನು ಪಠ್ಯಪುಸ್ತಕದಲ್ಲಿ ಓದುವಾಗ ನಮಗೆ ಇದನ್ನು ಯಾರೂ ಹೇಳುವುದಿಲ್ಲ.) ಆಮೇಲೆ ಬಂದ ಆಡಳಿತದ ಗೆರೆಗಳೂ ಘಟ್ಟದ ದಾರಿಗಳಿಗೆ ಒಳ್ಳೆಯದು ಮಾಡಲಿಲ್ಲ. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿಗೆ ಸೇರಿದಾಗ ಕುಂದಾಪುರ ತಾಲೂಕು ದಕ್ಷಿಣ ಕನ್ನಡದೊಂದಿಗೆ ಮದ್ರಾಸಿನಲ್ಲೇ ಉಳಿಯಿತು. ಘಾಟಿಯ ಬುಡ ಮದ್ರಾಸು, ನೆತ್ತಿ ಮೈಸೂರು. 1956ರ ನವೆಂಬರ್ 1ರವರೆಗೂ ಹಾಗೆಯೇ. ಗಡಿಯಾಚೆಗೆ ದಾರಿ ಮಾಡುವ ಉಮೇದು ಯಾವ ಸರಕಾರಕ್ಕೆ ಇರುತ್ತದೆ?

ಇಂದು ಸಿದ್ದಾಪುರ, ಹೊಸಂಗಡಿ ದಾಟಿ ಹುಲಿಕಲ್ಲಿಗೆ ಹತ್ತುವ ಬಾಳೆಬರೆ ಘಾಟಿಯನ್ನು ಮ್ಯಾಥ್ಯೂಸ್ ಹತ್ತಿದ ದಾರಿಯ ಮರಿಮಗ ಎನ್ನಬಹುದು. ಅದೇ ಜಾಡಲ್ಲ, ಅದೇ ಸೀಮೆಯ ಏರು. ಹುಲಿಕಲ್ಲಿನಲ್ಲಿ ವರ್ಷಕ್ಕೆ ಆರು ಸಾವಿರ ಮಿಲಿಮೀಟರು ಮೀರಿ ಮಳೆ ಸುರಿಯುವುದು ಅಪರೂಪವೇನಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದು ಘನವಾಹನ ನಿಲ್ಲಿಸಿದ ಸುದ್ದಿ ಪ್ರತಿ ವರ್ಷವೆಂಬಂತೆ ಬರುತ್ತದೆ. ಲಾರಿಯವರು ಚಂಡಿಕಾಂಬೆಯ ಗುಡಿಯ ಮುಂದೆ ನಿಂತು ಕೈಮುಗಿದೇ ಮುಂದೆ ಹೋಗುತ್ತಾರೆ. ನಾವೂ ನಿಲ್ಲುತ್ತೇವೆ. ನಮ್ಮ ಗುಂಪಿನ ನಾಸ್ತಿಕರು ಚೈನಿಗೆ ಎಣ್ಣೆ ಬಿಡುವ ನೆಪ ಮಾಡಿಕೊಳ್ಳುತ್ತಾರೆ.

ಈಗ ಬೈಕಿನ ಕಡೆಗೆ ಬರುತ್ತೇನೆ. ರಸ್ತೆಗೂ ಮಣ್ಣಿಗೂ ಒಂದೇ ಬೈಕು ಎನ್ನುವುದನ್ನು ಕಂಪನಿಗಳು ಹೊಸ ಕಂಡುಹಿಡಿತದಂತೆ ಮಾರಿದವು. ಅಮೆರಿಕದಲ್ಲಿ ಅದನ್ನು ಜನಪ್ರಿಯ ಮಾಡಿದ ಯಮಾಹಾ ಡಿಟಿ-1 ಬಂದದ್ದು 1968ರಲ್ಲಿ; ಅಷ್ಟರಲ್ಲಿ ಅಲ್ಲಿ 1956ರ ಕಾಯಿದೆಯ ಹೆದ್ದಾರಿಗಳು ದೇಶದ ತುಂಬ ಹಬ್ಬುತ್ತಿದ್ದವು. ಬಿಎಂಡಬ್ಲ್ಯೂ ತನ್ನ ಆರ್ 80 ಜಿ/ಎಸ್ ತಂದದ್ದು 1980ರಲ್ಲಿ. ಜರ್ಮನ್ ಭಾಷೆಯ ಆ ಎರಡಕ್ಷರಗಳ ಅರ್ಥವೇ ‘ಕಾಡುಮೇಡು, ರಸ್ತೆ’. ನಮ್ಮಲ್ಲಿ ಹೀರೋ ಇಂಪಲ್ಸ್ 2011ರಲ್ಲಿ ಬಂದು ಹೆಚ್ಚು ಓಡದೆ ನಿಂತಿತು. 2016ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರ ಎಕ್ಸ್‌ಪಲ್ಸ್ ನೆಲೆಯೂರಿದವು.

ಹಾಗಾದರೆ 2011ಕ್ಕಿಂತ ಮೊದಲು ನಮ್ಮಲ್ಲಿ ಮಣ್ಣಿನ ದಾರಿಗೆ ಬೈಕೇ ಇರಲಿಲ್ಲವೇ? ಇದ್ದದ್ದೆಲ್ಲ ಅದೇ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ಮಾಡಿತು. ಅವುಗಳ ಮೂಲವಾದ ಚೆಕೊಸ್ಲೊವಾಕಿಯದ ಜಾವಾ, ಆರು ದಿನ ಕಾಡುಮೇಡು ಸುತ್ತುವ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಹೆಸರು ಮಾಡಿತ್ತು. ಆದರೆ ತೋಟದ ದಾರಿಯಲ್ಲಿ ಯೆಜ್ಡಿ ಓಡಿಸುವವರಿಗೆ ಆ ಸ್ಪರ್ಧೆಯ ಹೆಸರು ಬೇಕಾಗಿರಲಿಲ್ಲ. ಕಿಕ್ಕರೇ ಮಡಚಿದರೆ ಗೇರು ಆಗುವ ಆ ಜಾಣ ಬೈಕಿನ ಹಿಂದೆ ಅಡಿಕೆ ಮೂಟೆ ನಿಲ್ಲುತ್ತದೆಯೇ ಎಂಬುದೇ ಅವರ ಪ್ರಶ್ನೆ. ರಾಜ್‌ದೂತ್ ಇದ್ದವರ ಪ್ರಶ್ನೆಯೂ ಅದೇ.

ನಮ್ಮ ಕರಾವಳಿಯ ನಿಜವಾದ ಡ್ಯುಯಲ್ ಸ್ಪೋರ್ಟ್ ಬೈಕು ಯಾವುದೆಂದು ಕೇಳಿದರೆ ನಾನು ಬಜಾಜ್ ಎಂ-80 ಎನ್ನುತ್ತೇನೆ. ಎಂಜಿನ್ ಮುಕ್ಕಾಲು ನೂರು ಸಿಸಿಯಷ್ಟು, ಗಾಲಿ ಸಣ್ಣದು. ಹಿಂದೆ ಐಸಿನಲ್ಲಿಟ್ಟ ಮೀನಿನ ಪೆಟ್ಟಿಗೆ, ಮುಂದೆ ಕೈಯಲ್ಲಿ ಒತ್ತುವ ರಬ್ಬರಿನ ಹಾರನ್ನು. ಬೆಳಗ್ಗೆ ಬಂದರಿನಲ್ಲಿ ಬೂತಾಯಿ, ಬಂಗುಡೆ ತುಂಬಿಕೊಂಡ ಆ ಗಾಡಿ ಹತ್ತು ಗಂಟೆಗೆ ಘಟ್ಟದ ಬುಡದ ಯಾವುದೋ ಅಂಗಳದಲ್ಲಿ ಇರುತ್ತಿತ್ತು. ಗದ್ದೆಯ ಅಂಚು, ತೋಡು, ಗುಡ್ಡದ ಚಡಾವು ಎಲ್ಲ ದಾಟಿ. ಹೊಸಂಗಡಿ ರಸ್ತೆಯಲ್ಲಿ ಚಾ ಕುಡಿಯುತ್ತಿದ್ದಾಗ ಅಂಥ ಹಳಬರೊಬ್ಬರು ನನ್ನ ಬೈಕನ್ನು ಸುತ್ತಿ ಬಂದು ಕೇಳಿದರು: ‘ಹ್ವಾಯ್, ಇದಕ್ಕೆ ಮೀನ್ ಪೆಟ್ಗಿ ಕಟ್ಟುಕ್ ಆತ್ತಾ?’

‘ಆತಿಲ್ಲೆ’ ಎಂದೆ.

‘ಮತ್ತೆಂತಕೆ ಮಾರಾಯ್ರೆ ಇಷ್ಟೆತ್ತರ!’

ನನ್ನ ವಾದ ಇಷ್ಟೇ: ಆಫ್‌ರೋಡ್ ಎಂಬ ಆಟ ಹುಟ್ಟುವುದು ಟಾರು ಬಂದ ಮೇಲೆ. 2000ದ ಡಿಸೆಂಬರಿನಲ್ಲಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಡಾಂಬರು, ಕಾಂಕ್ರೀಟು ಬಂತು. ಮಣ್ಣಿನ ದಾರಿ ಅಪರೂಪವಾದಂತೆ ಅದನ್ನು ಹುಡುಕಿಕೊಂಡು ಹೋಗುವ ನಮ್ಮಂಥವರು ಹುಟ್ಟಿಕೊಂಡೆವು. ಎಲ್ಲೆಡೆ ಮಣ್ಣಿದ್ದಾಗ ಯಾರಿಗೂ ಅದು ಆಟವಾಗಿರಲಿಲ್ಲ. ಇದನ್ನು ಹೀನಾಯವೆಂದು ನಾನು ಹೇಳುತ್ತಿಲ್ಲ. ಉಡುಪಿಯ ಕೆ.ಪಿ. ಅರವಿಂದ್ ಮೊದಲೆರಡು ಬಾರಿ ಮುಗಿಸಲಾಗದ ಡಾಕರ್ ರ‍್ಯಾಲಿಯನ್ನು 2019ರಲ್ಲಿ ಪೆರುವಿನ ಮರಳಿನಲ್ಲಿ 37ನೆಯವರಾಗಿ ಮುಗಿಸಿದಾಗ ನಮ್ಮ ಗುಂಪಿನವರು ತಮ್ಮ ಮನೆಯ ಹುಡುಗನೇ ಗೆದ್ದಂತೆ ಕುಣಿದರು. ಅವರಿಗಿಂತ ಮೊದಲು, 2015ರಲ್ಲಿ, ಬೆಂಗಳೂರಿನ ಸಿ.ಎಸ್. ಸಂತೋಷ್ ಅದನ್ನು ಮುಗಿಸಿ 36ನೆಯವರಾಗಿದ್ದರು. ನಿಂತುಕೊಂಡು ಓಡಿಸುವುದು, ಮೊಣಕಾಲಿನಿಂದ ಟ್ಯಾಂಕನ್ನು ಹಿಡಿಯುವುದು, ಕೆಸರಿನಲ್ಲಿ ಬ್ರೇಕು ಮರೆಯುವುದು ಕಲಿತೇ ಬರಬೇಕಾದ ವಿದ್ಯೆ. ಹಾಸುಬಿದ್ದ ಪಾಚಿಯ ಮುರಕಲ್ಲಿನ ಮೇಲೆ ಅದನ್ನು ಕಲಿತವರು ಎಲ್ಲಿಯೂ ಓಡಿಸಬಲ್ಲರು.

ತೊಡಕಿರುವುದು ಬೇರೆ ಕಡೆ. ಟಾರು ಎಲ್ಲ ಕಡೆ ಬಂದಿಲ್ಲ. ಬೈಂದೂರಿನ ಒಳಗಣ ಹಳ್ಳಿಗಳಲ್ಲಿ ಇಂದಿಗೂ ಮಳೆಗಾಲದ ದಾಟು ಎಂದರೆ ಕಾಲುಸಂಕ: ಹಳ್ಳದ ಮೇಲೆ ಹಾಕಿದ ಅಡಿಕೆ ಮರದ ಒಂದೆರಡು ದಬ್ಬೆ. 2022ರ ಆಗಸ್ಟಿನಲ್ಲಿ ಈ ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಹೊರಟ ಮಗುವೊಂದು ಕಾಲುಸಂಕ ದಾಟುವಾಗ ಬಿದ್ದು ನೀರುಪಾಲಾಯಿತು. ನಾವು ಹಳ್ಳ ದಾಟುವ ವಿಡಿಯೋ ತೆಗೆದು ನೀರು ಎಷ್ಟು ಎತ್ತರ ಚಿಮ್ಮಿತೆಂದು ನೋಡುವುದು ಇಂಥ ಹಳ್ಳಗಳಲ್ಲೇ. ಆ ಕಡೆಯ ಅಜ್ಜಿಯೊಬ್ಬರು ನಮ್ಮ ಸಾಲನ್ನು ನಿಲ್ಲಿಸಿ ಬೈಯಲಿಲ್ಲ, ಮಜ್ಜಿಗೆ ಕೊಟ್ಟರು. ಕೊಡುತ್ತ ಅಂದರು: ‘ನಿಮ್ಗೆಲ್ಲ ಇದ್ ಆಟ ಮಗಾ. ನಮ್ಗೆ ಬಸ್ರಿ ಹೆಂಗ್ಸಿನ್ ಹೊತ್ಕಂಡ್ ಹೋಪ್ ದಾರಿ.’

ಕಾಡಿನ ಪ್ರಶ್ನೆ ಇನ್ನೊಂದು. ಕೊಲ್ಲೂರಿನ ಸುತ್ತ 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ಅಭಯಾರಣ್ಯವಿದೆ. ಅಲ್ಲಿ ಅನುಮತಿಯಿಲ್ಲದೆ ಒಳದಾರಿ ಹಿಡಿಯುವಂತಿಲ್ಲ. 1343 ಮೀಟರಿನ ಕೊಡಚಾದ್ರಿಗೆ ಹತ್ತುವ ಮಣ್ಣಿನ ದಾರಿ ಬೈಕಿನವರ ಬಾಯಲ್ಲಿ ತೀರ್ಥಕ್ಷೇತ್ರದಂತೆ ಆಗಿದೆ. ಆದರೆ ಆ ಏರು ಸ್ಥಳೀಯ ಜೀಪಿನವರ ಅನ್ನ. ಒಮ್ಮೆ ಗಾಲಿ ಕೊರೆದ ಕೆಂಪುಮಣ್ಣು ಜೂನಿನಲ್ಲಿ ಕಾಲುವೆಯಾಗಿ, ಮರುವರ್ಷ ಅವರ ಆಕ್ಸೆಲ್ ಮುರಿಯುತ್ತದೆ. ನಮ್ಮ ಗುಂಪಿನಲ್ಲಿ ಈ ಬಗ್ಗೆ ದೊಡ್ಡ ಜಗಳವೇ ಆಗಿ, ಮಳೆಗಾಲದಲ್ಲಿ ಮಣ್ಣಿನ ಏರುಗಳಿಗೆ ಹೋಗುವುದಿಲ್ಲ, ಅಭಯಾರಣ್ಯದ ಗೇಟಿನಾಚೆ ಎಂದೂ ಇಲ್ಲ ಎಂದು ತೀರ್ಮಾನವಾಯಿತು. ಇಬ್ಬರು ಗುಂಪು ಬಿಟ್ಟರು. ಮೇಷ್ಟ್ರು ಉಳಿದರು.

ಉಳಿದವರಿಗೆ ನಾನು ಬೇರೊಂದು ಕೆಲಸ ಹಚ್ಚಿದ್ದೇನೆ. ಹೇರೆತ್ತಿನ ಕಾಲವನ್ನು ತಮ್ಮ ಅಜ್ಜಂದಿರ ಬಾಯಲ್ಲಿ ಕೇಳಿದವರು ಹೊಸಂಗಡಿ, ಸಿದ್ದಾಪುರದ ಕಡೆ ಇನ್ನೂ ಇದ್ದಾರೆ. ಎತ್ತು ಬಿಚ್ಚುತ್ತಿದ್ದ ಕಟ್ಟೆ ಯಾವುದು, ನೀರು ಕುಡಿಸುತ್ತಿದ್ದ ಕೆರೆ ಯಾವುದು, ಯಾವ ಗದ್ದೆಯ ಅಂಚು ಮೊದಲು ದಾರಿಯಾಗಿತ್ತು ಎಂದು ಅವರಿಗೆ ಗೊತ್ತು. ಬೈಕನ್ನು ಟಾರಿನ ಬದಿಗೆ ನಿಲ್ಲಿಸಿ, ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿ, ನಡೆದು ಹೋಗಿ ಕೇಳುತ್ತೇವೆ. ಈ ನವರಾತ್ರಿ ಕಳೆದು ನೆಲ ಒಣಗಿದ ಮೇಲೆ ಘಾಟಿಯ ಬುಡದಿಂದ ಕೆಳಗೆ ಬಸ್ರೂರಿನವರೆಗೆ ಆ ಗುರುತುಗಳನ್ನು ನಕ್ಷೆಗೆ ಇಳಿಸಬೇಕೆಂದಿದೆ. ಬೋಟಿನ ಎಂಜಿನ್ ರಿಪೇರಿಯವರು ಆಗಲೇ ಹಗ್ಗ, ಕತ್ತಿ, ಉಪ್ಪಿನಕಾಯಿ ಬಾಟಲಿ ಎತ್ತಿಟ್ಟಿದ್ದಾರೆ.